ಮುಳ್ಳು ಒಂಬತ್ತು ಗಂಟೆ ದಾಟಬಾರದು

ನನ್ನ ಮಗಳ ಅತ್ತೆಗೆ ಅಕ್ಷರ, ಅಂಕಿ ಎರಡೂ ಬರುತ್ತಿರಲಿಲ್ಲ. ಗಡಿಯಾರ ನೋಡುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ದೊಡ್ಡ ಮುಳ್ಳು ಎಲ್ಲಿದೆ, ಚಿಕ್ಕ ಮುಳ್ಳು ಎಲ್ಲಿದೆ ಎಂದು ನೋಡಿಯೇ ಹಾಲಿನವನು ತಡ ಮಾಡಿದ್ದನ್ನು ಹಿಡಿದುಬಿಡುತ್ತಿದ್ದರು. ಮದುವೆಯ ಮಾರನೆಯ ದಿನ ಹೆಣ್ಣುಗಂಡನ್ನು ಕೂರಿಸಿಕೊಂಡು ನಾನು ದೊಡ್ಡಬಳ್ಳಾಪುರದ ಕಡೆಯಿಂದ ಬೀಗರ ಊರು ಅರಿಶಿನಕುಂಟೆಗೆ ಕಾರು ಹೊರಡಿಸಿದಾಗ ಅವರು ಹಿಂದಿನ ಸೀಟಿನಿಂದ ನನ್ನ ಭುಜದ ಮೇಲೆ ಕತ್ತು ಚಾಚಿ, ಸ್ಟೀರಿಂಗಿನ ಹಿಂದೆ ಅಲುಗುತ್ತಿದ್ದ ಮುಳ್ಳನ್ನು ನೋಡಿದರು.

"ಬೀಗರೇ, ಇದ್ಯಾವ ಗಡಿಯಾರ, ಒಂಟಿ ಮುಳ್ಳಿಂದು?"

"ಗಡಿಯಾರ ಅಲ್ಲ ತಾಯಿ. ಎಷ್ಟು ಜೋರಾಗಿ ಹೋಗ್ತಿದೀವಿ ಅಂತ ತೋರ್ಸೋದು."

"ಹಂಗಾದ್ರೆ ಹತ್ತು ಗಂಟೆ ದಾಟಿಸ್ಬೇಡಿ. ದಾಟಿಸಿದ್ರೋ, ಇಲ್ಲೇ ಇಳಿದ್ಬಿಡ್ತೀನಿ."

ದಾರಿಯುದ್ದಕ್ಕೂ ಆಕೆ ಹೊರಗೆ ನೋಡಲೇ ಇಲ್ಲ. ಮುಳ್ಳು ಹತ್ತರ ಹತ್ತಿರ ಬಂದರೆ ಸಾಕು, ನನ್ನ ಭುಜ ತಟ್ಟುತ್ತಿದ್ದರು. ಹೊಸ ಮದುಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆ ಕಾರು ಕೋಲಾರದ ಗಣಿಯಲ್ಲಿದ್ದ ಯಾರೋ ಇಂಗ್ಲಿಷ್ ಸಾಹೇಬನದು. ಎರಡು ಮೂರು ಕೈ ದಾಟಿ, ನನ್ನ ದ್ರಾಕ್ಷಿ ತೋಟ ಕೈ ಹಿಡಿದ ವರ್ಷ ನನ್ನ ಪಾಲಿಗೆ ಬಂತು. ಅರವತ್ತರ ದಶಕದ ನಡುವೆ ಇರಬೇಕು. ರಸ್ತೆ ಬದಿಯ ಮೈಲಿಗಲ್ಲುಗಳನ್ನು ಕಿತ್ತು ಕಿಲೋಮೀಟರಿನ ಕಲ್ಲು ನೆಡುತ್ತಿದ್ದ ಕಾಲ. ಮೀಟರಿನಲ್ಲಿ ಮಾತ್ರ ಮೈಲಿಯ ಲೆಕ್ಕವೇ ಉಳಿದಿತ್ತು. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ ಕೂರುತ್ತಿದ್ದಳು. ಕಿಟಕಿಯ ಕಡೆಗೆ ವಾಲಿಕೊಂಡೇ ಕೂರುವುದು ಅವಳ ಅಭ್ಯಾಸ. ಅವಳು ತೀರಿಕೊಂಡ ಮೇಲೂ ಆ ಸೀಟು ಆ ಕಡೆಗೇ ತಗ್ಗಾಗಿತ್ತು. ಆಮೇಲೆ ಮಗಳು ಅಲ್ಲಿ ಕೂತಳು. ಮಗಳೂ ಗಂಡನ ಮನೆಗೆ ಹೋದ ಮೇಲೆ ದ್ರಾಕ್ಷಿಯ ಮಂಕರಿ ಇಡುತ್ತಿದ್ದೆ. ಅದೂ ಒಂದು ಕಡೆಗೆ ಜಾರುತ್ತಿತ್ತು.

ಒಬ್ಬನೇ ಇರುವ ಮನೆಯಲ್ಲಿ ಮಾತು ಕಡಿಮೆಯಾಗುತ್ತಾ ಹೋಗುತ್ತದೆ. ತೋಟದ ಆಳುಗಳಿಗೆ ಬೆಳಿಗ್ಗೆ ಹೇಳಬೇಕಾದಷ್ಟು ಹೇಳಿದರೆ ಮುಗಿಯಿತು. ಸಂಜೆ ಅನ್ನಕ್ಕಿಟ್ಟು, ಅದು ಬೇಯುವವರೆಗೆ ಜಗಲಿಯ ಮೇಲೆ ಕೂತಿರುತ್ತಿದ್ದೆ. ಊರ ಕಡೆಯಿಂದ ಮಗ್ಗಗಳ ಲಟಪಟ ಸದ್ದು ಗಾಳಿ ಬೀಸಿದಾಗ ಕೇಳುತ್ತಿತ್ತು, ನಿಂತಾಗ ಇಲ್ಲ. ಅಂಥ ಸಂಜೆಗಳು ಎಷ್ಟು ಹೋದವೋ. ಆಗ ಅರಿಶಿನಕುಂಟೆಯಿಂದ ಸುದ್ದಿ ಬಂತು, ಮಗಳು ಬಸುರಿ ಎಂದು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ನಮ್ಮದು ತಾಯಿ ಇಲ್ಲದ ತವರು. ಹಣ್ಣುಹೂವು ತೆಗೆದುಕೊಂಡು ಮಗಳನ್ನು ನೋಡಲು ಹೋದಾಗ ಬೀಗಿತ್ತಿ ನಡುಮನೆಯ ಕಂಬಕ್ಕೆ ಒರಗಿ ಕೂತು ಆ ಮಾತನ್ನೇ ತೆಗೆದರು.

"ನೀವು ಬೇಜಾರು ಮಾಡ್ಕೋಬೇಡಿ ಬೀಗರೇ. ಅವ್ಳಿಗೆ ನೀರು ಹಾಕೋರು ಯಾರು ನಿಮ್ಮನೇಲಿ?"

"ಅಕ್ಕ ಬರ್ತಾಳೆ ತಾಯಿ, ಸಮೇತನಹಳ್ಳಿಯಿಂದ. ಎಷ್ಟು ಬಾಣಂತನ ಮಾಡಿದ ಕೈ ಅದು."

ಬೀಗಿತ್ತಿಯ ಸ್ವಂತ ಮಗಳು ಬಸ್ಸಿನ ಕುಲುಕಿಗೆ ಬಸಿರು ಕಳೆದುಕೊಂಡಿದ್ದಳು. ಅದು ನನಗೂ ಗೊತ್ತಿತ್ತು. ಹಾಗಾಗಿ ಆಕೆ ಮುಂದೆ ಹೇಳಿದ್ದಕ್ಕೆ ನಾನು ಎದುರಾಡಲಿಲ್ಲ.

"ಏಳು ತಿಂಗಳು ಮುಗಿಯೋದ್ರೊಳಗೆ ಬನ್ನಿ. ಎಂಟರಲ್ಲಿ ಹೊಸಿಲು ದಾಟಿಸೋ ಪದ್ಧತಿ ಇಲ್ಲ, ಒಂಬತ್ತರಲ್ಲಿ ದಾಟಿಸೋ ಧೈರ್ಯ ನಂಗಿಲ್ಲ. ನಿಮ್ಮ ಕಾರಲ್ಲೇ ಬನ್ನಿ. ಮೊದ್ಲು ನಾನು ಕೂತು ಒಂದು ಸುತ್ತು ಹೋಗಿ ನೋಡ್ತೀನಿ. ಮುಳ್ಳು ಒಂಬತ್ತು ಗಂಟೆ ದಾಟ್ಬಾರ್ದು. ದಾಟಲಿಲ್ಲ ಅಂದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಹೆರಿಗೆ ಇಲ್ಲೇ ಆಗ್ಲಿ."

ಮಗಳು ಬಾಗಿಲ ಹಿಂದೆ ನಿಂತಿದ್ದಳು. ಹೊರಡುವಾಗ ಕಾರಿನವರೆಗೆ ಬಂದು, "ಬರ್ತೀಯ ಅಲ್ವಾ ಅಪ್ಪಾ?" ಎಂದಳು. ಬರ್ತೀನಿ ಎಂದೆ.

ವಾಪಸು ಬರುವಾಗ ಮಧುರೆ ಕೆರೆಯ ಏರಿಯ ಮೇಲೆ ಗೇರ್ ಬಾಕ್ಸು ಒಡೆಯಿತು. ಒಳಗೆ ಹಲ್ಲು ಮುರಿದ ಸದ್ದು ಪಾದಕ್ಕೆ ಗೊತ್ತಾಯಿತು. ಎತ್ತು ಕಟ್ಟಿ ಮನೆಯವರೆಗೆ ಎಳೆಸಿಕೊಂಡು ಬಂದೆ.

ಆ ಮಾಡೆಲ್ಲಿನ ಗೇರ್ ಬಾಕ್ಸು ಬೆಂಗಳೂರಿನ ಗುಜರಿಯಲ್ಲೂ ಸಿಗಲಿಲ್ಲ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಶೆಡ್ಡು ಇಟ್ಟಿದ್ದ ಮೇಸ್ತ್ರಿ ಬೇರೆ ಯಾವುದೋ ವ್ಯಾನಿನದನ್ನು ಹುಡುಕಿ ತಂದ. "ಅಣ್ತಮ್ಮಂದಿರ ಪೈಕಿ ಯಜಮಾನ್ರೇ, ಹೊಂದ್ಕೊಂಡು ಹೋಗ್ತವೆ" ಎಂದ. ಹೊಂದಿಕೊಳ್ಳಲು ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಲೇತಿನಲ್ಲಿ ಮೊಟಕು ಮಾಡಿಸಬೇಕಿತ್ತು. ಆ ಶಾಫ್ಟು ಬೆಂಗಳೂರಿಗೆ ಹೋಗಿ ಬರುವವರೆಗೆ ಗೇರ್ ಬಾಕ್ಸು ನನ್ನ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಯ ಮೇಲೆ ಕೂತಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. ಸೀಗೆಪುಡಿ, ಹರಳೆಣ್ಣೆ, ಹಳೇ ಸೀರೆಯ ಮೆತ್ತನೆ ತುಂಡುಗಳು, ಎಲ್ಲ ಗಂಟು ಕಟ್ಟಿಕೊಂಡು ಬಂದಿದ್ದಳು. ಬಂದವಳೇ ಮನೆಯನ್ನೆಲ್ಲ ಗುಡಿಸಿ, ಬಚ್ಚಲ ಹಂಡೆ ಬೆಳಗಿ, "ಲೋ, ಈ ಮನೇಲಿ ಮನುಷ್ಯರು ಇದ್ರೇನೋ?" ಎಂದು ಕೇಳಿದಳು. ಅವಳು ಬಂದದ್ದು ನನಗೆ ಸಂತೋಷವೇ. ಆದರೆ ಮಾತು ಆಡದೆ ಆಡದೆ ಒಣಗಿದ್ದ ನಾಲಗೆ ಒಂದೇ ಸಲಕ್ಕೆ ಚಿಗುರಲಿಲ್ಲ. ಬೀಗಿತ್ತಿಯ ಷರತ್ತನ್ನು ನಾನು ಅವಳಿಗೆ ಹೇಳಲೇ ಇಲ್ಲ. ಹೇಳಬಾರದು ಎಂದಲ್ಲ. ಹೇಳಬೇಕು ಎಂದು ಹೊಳೆಯಲಿಲ್ಲ, ಅಷ್ಟೆ.

ಮೇಸ್ತ್ರಿ ನಮ್ಮ ಅಂಗಳದ ಹುಣಸೆ ಮರದಡಿಯಲ್ಲೇ ಗೇರ್ ಬಾಕ್ಸು ಏರಿಸಿದ. ಅಂದು ನಾನು ತೋಟದಲ್ಲಿ ಬಳ್ಳಿಗಳಿಗೆ ಮೈಲುತುತ್ತದ ನೀರು ಹೊಡೆಸುತ್ತಿದ್ದೆ. ಸಂಜೆ ಬಂದು ಕೀಲಿ ತಿರುಗಿಸಿದರೆ ಕಾರು ಬೆಣ್ಣೆಯಂತೆ ಹೊರಟಿತು. ಮೂರು ನಾಲ್ಕು ಫರ್ಲಾಂಗು ಹೋಗಿರಬೇಕು, ಎದುರಿಗೆ ನೋಡಿದೆ. ಮುಳ್ಳು ತಳದಲ್ಲಿ ಬಿದ್ದಿತ್ತು, ಏಳಲೇ ಇಲ್ಲ.

ಮಾರನೆಯ ದಿನ ಶೆಡ್ಡಿಗೆ ಹೋಗಿ ಮೇಸ್ತ್ರಿಯನ್ನು ಕೇಳಿದೆ. ಅವನು ಇನ್ನಾರದೋ ಲಾರಿಯ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ತಲೆ ಹೊರಗೆ ತೆಗೆಯಲಿಲ್ಲ.

"ಬೇರೆ ಗಾಡಿ ಬಾಕ್ಸು ಯಜಮಾನ್ರೇ. ಮೀಟರು ಕೂಡ್ಕೊಳಲ್ಲ."

"ಅಣ್ಣತಮ್ಮಂದಿರು ಅಂದ್ಯಲ್ಲಯ್ಯಾ!"

"ಅಣ್ತಮ್ಮಂದಿರು ಅಂದ್ಮೇಲೆ ಎಲ್ಲದಕ್ಕೂ ಕೂಡ್ತಾರಾ? ಆ ಮುಳ್ಳು ಕಟ್ಕೊಂಡು ಏನ್ ಮಾಡ್ತೀರ ಬಿಡಿ. ಹೋಗೋದು ತೋಟಕ್ಕೆ, ಬರೋದು ಮನೆಗೆ."

ಅವನ ದನಿಯಲ್ಲಿ ಏನೋ ಜಾರಿಕೊಳ್ಳುವ ಗುಣವಿತ್ತು. ನಾನೂ ಯಾತಕ್ಕೆ ಬೇಕು ಎಂದು ಬಿಡಿಸಿ ಹೇಳಲಿಲ್ಲ. ಪಂಪ್‌ಸೆಟ್ಟು ಬಿಚ್ಚಿ ಜೋಡಿಸಿದ ಕೈ ನನ್ನದು, ಒಂದು ಮುಳ್ಳು ಎಬ್ಬಿಸಲಾರೆನೇ ಎಂದುಕೊಂಡು ಬಂದೆ.

ಮೊದಲು ಮೀಟರನ್ನೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ. ಅದರ ಬೆನ್ನಿನಲ್ಲಿ ಚೌಕನೆಯ ಒಂದು ತೂತು ಇರುತ್ತದೆ. ಕಡ್ಡಿಯ ತುದಿಯನ್ನು ಚೌಕಕ್ಕೆ ಕೆತ್ತಿ ಅದರಲ್ಲಿ ಹಾಕಿ ಬೆರಳಿನಿಂದ ಗಿರ್ರನೆ ತಿರುಗಿಸಿದೆ. ಮುಳ್ಳು ಹಾರಿ ಎದ್ದಿತು. ಅಲ್ಲಿಗೆ ಮೀಟರಿಗೆ ಏನೂ ಆಗಿಲ್ಲ ಎಂದಾಯಿತು.

ಆಮೇಲೆ ಕೇಬಲ್ಲು. ಮೀಟರಿನಿಂದ ಗೇರ್ ಬಾಕ್ಸಿನವರೆಗೆ ಹಾವಿನಂತೆ ಹೋಗುವ ಕೊಳವೆ, ಅದರೊಳಗೆ ತಿರುಗುವ ಹುರಿತಂತಿ. ಮೇಲಿನ ತುದಿ ತಿರುಗಿಸಿದರೆ ಕೆಳಗಿನ ತುದಿ ತಿರುಗುತ್ತದೆಯೇ ನೋಡಬೇಕು. ಅದಕ್ಕೆ ಇಬ್ಬರು ಬೇಕು, ಒಬ್ಬ ಮೇಲೆ, ಒಬ್ಬ ಕೆಳಗೆ. ಹಿಂದೆ ಇಂಥ ಕೆಲಸಕ್ಕೆಲ್ಲ ಹೆಂಡತಿಯೇ ಸೀಟಿನಲ್ಲಿ ಕೂತು "ಹೂಂ, ಈಗ ಬಂತು... ಈಗ ಇಲ್ಲ" ಎನ್ನುತ್ತಿದ್ದಳು. ಒಳಗೆ ಅಕ್ಕ ಇದ್ದಳು, ಕರೆಯಬಹುದಿತ್ತು. ಕರೆಯಲಿಲ್ಲ. ಖಾಲಿ ಸೀಟಿಗೆ ತಿರುಗಿ "ಹೂಂ, ನೋಡು" ಎಂದೆ. ಎಂದ ಮೇಲೆ ಅಂಗಳದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಕಾಗೆ ಬಿಟ್ಟರೆ ಯಾರೂ ಇರಲಿಲ್ಲ.

ಕೊನೆಗೆ ಮೀಟರು ಬಿಚ್ಚಿಟ್ಟಿದ್ದ ತುದಿಗೆ ಬಾಳೆಪಟ್ಟೆಯ ನಾರಿನಲ್ಲಿ ಒಂದು ಹುಣಸೆ ಎಲೆಯ ಕಡ್ಡಿ ಕಟ್ಟಿದೆ. ಕೆಳಗಿನಿಂದ ತಿರುಗಿಸಿದರೆ ಮೇಲೆ ಎಲೆ ಕುಣಿಯುತ್ತದೆ, ಬಾಗಿಲು ತೆರೆದಿಟ್ಟರೆ ನೆಲದಿಂದಲೇ ಕಾಣುತ್ತದೆ. ಒಬ್ಬನೇ ಇರುವವನಿಗೆ ಇಂಥ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ.

ಜಾಕು ಕೊಟ್ಟು, ಚಕ್ರಕ್ಕೆ ಕಲ್ಲಿಟ್ಟು, ಗೋಣಿ ಹಾಸಿಕೊಂಡು ಕೆಳಗೆ ನುಸುಳಿದೆ. ಕೇಬಲ್ಲಿನ ತುದಿ ಗೇರ್ ಬಾಕ್ಸಿನ ಬಾಲದಲ್ಲಿರುವ ಕೊಳವೆಗೆ ತಿರುಪಿಕೊಂಡಿರಬೇಕು. ಅಲ್ಲಿರಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ, ಕೆಂಪು ದಾರದಿಂದ ಕಾರಿನ ಅಡಿಚೌಕಟ್ಟಿಗೆ ನೀಟಾಗಿ ಕಟ್ಟಲಾಗಿತ್ತು. ಕೆಂಪು ದಾರವೆಂದರೆ ಮೇಸ್ತ್ರಿಗಳ ಬಳಿ ಇರುವಂಥದ್ದಲ್ಲ, ದೇವರ ಮನೆಯಲ್ಲಿರುವಂಥದ್ದು. ಕೊಳವೆಯ ಬಾಯಿಗೆ ಬೆರಳು ಹಾಕಿದೆ. ಗಟ್ಟಿ ಮಣ್ಣು. ಬ್ಯಾಟರಿ ಹಿಡಿದು ನೋಡಿದೆ. ಪುಟ್ಟ ಮಡಕೆಯ ಹಾಗೆ ನುಣ್ಣಗೆ ಮೆತ್ತಿದ ಗೂಡು. ಹಸಿ ಮಣ್ಣಿನ ಉಂಡೆ ಹೊತ್ತು ತಂದು ತೂತುಗಳಲ್ಲಿ ಗೂಡು ಕಟ್ಟುವ ಒಂದು ಬಗೆಯ ಕಡಜ ಇದೆಯಲ್ಲ, ನಾವು ಕುಂಬಾರನ ಹುಳ ಎನ್ನುವುದು, ಅದರದು. ಬಾಕ್ಸು ಕೊಟ್ಟಿಗೆಯಲ್ಲಿದ್ದಾಗ ಕಟ್ಟಿದೆ.

"ಅಕ್ಕಾ!" ಎಂದು ಕೂಗಿದೆ.

ಅವಳು ಬಂದದ್ದು ಸೀರೆಯ ಅಂಚಿನಿಂದ ತಿಳಿಯಿತು. ಅಂಚು ಚಕ್ರದ ಬಳಿ ನಿಂತಿತು.

"ಮುಟ್ಟಬೇಡ್ವೋ ಅದ್ನ!"

"ನಿಂಗೆ ಗೊತ್ತಿತ್ತಾ?"

"ನಾನೇ ನೋಡಿದ್ದು. ಮೇಸ್ತ್ರಿ ಕಡ್ಡಿ ಹಾಕಿ ಮೀಟಕ್ಕೆ ಹೋದ. ಬೇಡಪ್ಪಾ, ಮನೆ ಮಗ್ಳು ಬಸುರಿ ಅಂದೆ. ಕೈ ತೆಗೆದ್ಬಿಟ್ಟ. ಅವನ ಸೊಸೆನೂ ತುಂಬ್ದೋಳಂತೆ."

"ನಂಗೆ ಒಂದು ಮಾತು ಹೇಳ್ಬಾರ್ದಾ ಅಕ್ಕಾ?"

"ಹೇಳಿದ್ರೆ ನೀನು ಬಿಡ್ತಿದ್ಯಾ? ಓದ್ದೋನು ನೀನು. ಹುಳ, ಮಣ್ಣು ಅಂತ ಕಿತ್ತಾಕ್ತಿದ್ದೆ. ಮುಳ್ಳು ಒಂದು ಇಲ್ದೆ ಹೋದ್ರೆ ಏನಾಯ್ತೋ ತಮ್ಮಯ್ಯಾ?"

ನಮ್ಮ ಕಡೆ ಬಸುರಿ ಹೆಂಗಸಿನ ಮನೆಯಲ್ಲಿ ಕುಂಬಾರನ ಹುಳ ಗೂಡು ಕಟ್ಟಿದರೆ ಶುಭ. ಮರಿ ತಾನಾಗಿ ಹೊರಗೆ ಬರುವವರೆಗೆ ಅದನ್ನು ಯಾರೂ ಕೆಡವುವುದಿಲ್ಲ. ಬಾಗಿಲ ಸಂದಿಯಲ್ಲಿ ಕಟ್ಟಿದರೆ ಆ ಬಾಗಿಲನ್ನೇ ಹಾಕದೆ ದಿನ ದೂಡುತ್ತಾರೆ. ಕಾರಿನ ಕೆಳಗೆ ಮಲಗಿಕೊಂಡೇ ನಾನು ಅಕ್ಕನಿಗೆ ಬೀಗಿತ್ತಿಯ ಷರತ್ತನ್ನು ಹೇಳಿದೆ. ಅವಳು ನೆಲಕ್ಕೆ ಕೂತ ಸದ್ದಾಯಿತು.

"ಇದ್ನ ಮೊದ್ಲೇ ಹೇಳ್ಬಾರ್ದಾ ನನ್ನಪ್ಪಾ..." ಎಂದಳು.

ಇಬ್ಬರೂ ಒಂದೇ ಒಲೆಯ ಅನ್ನ ಉಂಡು, ಒಂದೊಂದು ಮಾತನ್ನು ಇಟ್ಟುಕೊಂಡು ಕೂತಿದ್ದೆವು.

ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಈ ಸಲ ಅವನು ಮುಚ್ಚಿಡಲಿಲ್ಲ.

"ನೀವು ಬೇಕಾದ್ರೆ ಕೀಳಿ ಯಜಮಾನ್ರೇ, ಕೇಬಲ್ಲು ಕೂರಿಸಿಕೊಡೋದು ಕ್ಷಣದ ಕೆಲ್ಸ. ಕೀಳೋಕೆ ಮಾತ್ರ ನನ್ ಕೈಲಿ ಹೇಳ್ಬೇಡಿ."

"ಬಿಸಿಗೆ ಅದು ಒಳಗೇ ಸಾಯಲ್ವೇನಯ್ಯಾ?" ಎಂದು ಅಕ್ಕ ಕೇಳಿದಳು.

"ಎಲ್ಲಿ ಸಾಯ್ತದೆ ಅಕ್ಕಾ? ಬೆಚ್ಚಗೆ ಇರ್ತದೆ. ಕೋಳಿ ಕಾವು ಕೊಟ್ಟಂಗೆ ನಮ್ಮ ಗೇರ್ ಬಾಕ್ಸು ಕಾವು ಕೊಡ್ತದೆ."

ಅವನು ಸ್ಕ್ರೂ ಡ್ರೈವರನ್ನು ನನ್ನ ಕೈಗೆ ಕೊಟ್ಟು ಬೀಡಿ ಹಚ್ಚಿಕೊಂಡು ದೂರ ನಿಂತ. ನಾನು ಮತ್ತೆ ಕೆಳಗೆ ನುಸುಳಿದೆ. ಒಂದು ತಿವಿತ ಸಾಕಿತ್ತು. ಇಂಥದ್ದರಲ್ಲಿ ನನಗೆ ನಂಬಿಕೆ ಇರಲಿಲ್ಲ ಎಂದೇ ತಿಳಿದಿದ್ದೆ. ಆದರೆ ಹೆಂಡತಿ ಮಗಳನ್ನು ಹೊತ್ತಿದ್ದಾಗ ದೇವರ ಮನೆಯ ಕಿಟಕಿಯಲ್ಲಿ ಇಂಥದೇ ಗೂಡು ಇತ್ತು. ಅದರ ಪಕ್ಕದಲ್ಲಿ ದೀಪ ಇಡುವಾಗ ಬಿಸಿ ತಾಗದಿರಲೆಂದು ಅವಳು ಅಂಗೈ ಅಡ್ಡ ಹಿಡಿಯುತ್ತಿದ್ದಳು. ಆ ಅಂಗೈ ನೆನಪಾಯಿತು. ಸ್ಕ್ರೂ ಡ್ರೈವರನ್ನು ಗೋಣಿಯ ಮೇಲಿಟ್ಟು ಸುಮ್ಮನೆ ಮಲಗಿದ್ದೆ.

"ಏನ್ ಯಜಮಾನ್ರೇ, ನಿದ್ದೆ ಬಂತಾ?" ಎಂದ ಮೇಸ್ತ್ರಿ.

ಏಳನೇ ತಿಂಗಳಲ್ಲಿ ಉಳಿದದ್ದು ಒಂದೇ ಒಳ್ಳೆಯ ದಿನ. ಗೂಡು ತೆರೆಯುವ ಲಕ್ಷಣವಿರಲಿಲ್ಲ. ಆ ಬೆಳಿಗ್ಗೆ ಸತ್ತ ಮುಳ್ಳಿನ ಕಾರನ್ನೇ ತೆಗೆದುಕೊಂಡು ಅರಿಶಿನಕುಂಟೆಗೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಲೆಕ್ಕ ಹಾಕಿದೆ. ಸುಳ್ಳು ಒಂದೂ ಕೂಡಿಬರಲಿಲ್ಲ.

ಬೀಗಿತ್ತಿ ಸೆರಗು ಸಿಕ್ಕಿಸಿಕೊಂಡು ಸಿದ್ಧರಾಗಿಯೇ ನಿಂತಿದ್ದರು. ಈ ಸಲ ಮುಂದಿನ ಸೀಟಿನಲ್ಲಿ ಕೂತರು. ಹೆದ್ದಾರಿಯವರೆಗೆ ಹೋಗಿ ತಿರುಗಿಸಿದೆ. ಆಕೆಯ ಕಣ್ಣು ಮೀಟರಿನ ಮೇಲೇ ಇತ್ತು.

"ಗಡಿಯಾರ ನಿಂತೋಗಿದ್ಯಲ್ಲಾ ಬೀಗರೇ."

"ನಿಂತಿದೆ ತಾಯಿ."

"ರಿಪೇರಿ ಮಾಡ್ಸಕ್ಕಾಗ್ಲಿಲ್ವಾ?"

ಮನೆಯ ಮುಂದೆ ಕಾರು ನಿಲ್ಲಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುವಾಗ ನನ್ನ ಕಣ್ಣು ಬಾಗಿಲಿನ ಕಡೆಗಿತ್ತು. ಮಗಳು ಆಗಲೇ ತಲೆಗೆ ಹೂ ಮುಡಿದು ನಿಂತಿದ್ದಳು, ಕಾಲ ಬಳಿ ಬಟ್ಟೆಯ ಗಂಟು. ಅವಳು ಗಂಟು ಕಟ್ಟಿಕೊಂಡಿರದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಬೀಗಿತ್ತಿ ಪೂರ್ತಿ ಕೇಳಿದರು. ಆಮೇಲೆ ಮಗನನ್ನು ಕೂಗಿದರು.

"ಲೇ, ಬಾರೋ ಇಲ್ಲಿ. ಕಾರಿನ ಕೆಳಗೆ ಹೋಗಿ ನೋಡು. ಕುಂಬಾರನ ಹುಳ ಗೂಡು ಐತಾ ಅಂತ."

ನನ್ನ ಅಳಿಯ ಒಗೆದ ಬಿಳಿ ಪಂಚೆಯಲ್ಲಿದ್ದ. ತಾಯಿಯ ಮುಖ ನೋಡಿ, ನನ್ನ ಮುಖ ನೋಡಿ, ಬ್ಯಾಟರಿ ಹಿಡಿದು ಕೆಳಗೆ ನುಸುಳಿದ. ಹೊರಗೆ ಬಂದಾಗ ಪಂಚೆಯ ತುಂಬ ಆಯಿಲ್ಲು.

"ಐತೆ ಕಣವ್ವಾ. ಚೆನ್ನಾಗಿ ಕಟ್ಟೈತೆ."

"ಬಾಯಿ ಮುಚ್ಚೈತಾ, ತೆರೆದೈತಾ?"

"ಮುಚ್ಚೈತೆ."

ಆಕೆ ನನ್ನ ಕಡೆ ತಿರುಗಿದರು. "ಮುಳ್ಳಿಗೋಸ್ಕರ ಅದನ್ನ ಕಿತ್ತಿದ್ರೆ ನಾನು ನಿಮ್ಮ ಮನೆಗೆ ಸೊಸೇನ ಕಳಿಸ್ತಾನೇ ಇರ್ಲಿಲ್ಲ ಬೀಗರೇ" ಎಂದು ಹೇಳಿ ಒಳಗೆ ಹೋದರು. ನಾನು ಕಾರಿಗೆ ಒರಗಿಕೊಂಡೆ.

ಹೊರಗೆ ಬಂದಾಗ ಆಕೆಯ ಕೈಯಲ್ಲಿ ಕಂಠಮಟ್ಟ ನೀರು ತುಂಬಿದ ಹಿತ್ತಾಳೆ ಚೊಂಬು. ಹಳೇ ಬಟ್ಟೆಯನ್ನು ಸಿಂಬೆ ಸುತ್ತಿ ಮುಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿಟ್ಟು, ಅದರ ಮೇಲೆ ಚೊಂಬು ಕೂರಿಸಿ, ಸೊಸೆಯನ್ನು ಆ ಸೀಟಿನಲ್ಲಿ ಕೂರಿಸಿದರು.

"ನೋಡವ್ವಾ, ಇದೇ ನಿನ್ನ ಮುಳ್ಳು. ನೀರು ತುಳುಕಿದ್ರೆ ಅಪ್ಪಂಗೆ ಹೇಳು. ಬೀಗರೇ, ಹೊಟ್ಟೇಲಿ ಒಂದು, ಗಾಡಿ ಕೆಳಗೆ ಒಂದು. ಎರಡೂ ನೋಡ್ಕೊಂಡು ಹೋಗಿ."

ಅಂದಿನಷ್ಟು ನಿಧಾನವಾಗಿ ನಾನು ಎಂದೂ ಕಾರು ಓಡಿಸಿಲ್ಲ. ಹುಲ್ಲಿನ ಗಾಡಿಗಳು ನಮ್ಮನ್ನು ದಾಟಿಹೋದವು. ಗುಂಡಿ ಕಂಡಾಗಲೆಲ್ಲ ಉಸಿರು ಹಿಡಿಯುತ್ತಿದ್ದೆ.

"ಅಪ್ಪಾ, ತುಳುಕ್ತು."

"ಎಷ್ಟು?"

"ಒಂದು ಹನಿ."

ಮಧುರೆ ಕೆರೆಯ ಏರಿಯ ಮೇಲೆ, ಗೇರ್ ಬಾಕ್ಸು ಒಡೆದಿದ್ದ ಜಾಗದಲ್ಲಿ, ನೆರಳಿಗೆ ನಿಲ್ಲಿಸಿದೆ. ಬಿಸಿಲು ಏರಿತ್ತು. ಮಗಳು ಚೊಂಬನ್ನು ಎತ್ತಿ ಗಟಗಟನೆ ಅರ್ಧ ನೀರು ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ಸಿಂಬೆಯ ಮೇಲಿಟ್ಟಳು.

"ಈಗ ಸ್ವಲ್ಪ ಜೋರಾಗಿ ಹೋಗಪ್ಪ, ತುಳುಕಲ್ಲ" ಎಂದಳು.

ಎಷ್ಟೋ ತಿಂಗಳ ಮೇಲೆ ನಾನು ಸದ್ದು ಮಾಡಿ ನಕ್ಕೆ. ಜೋರಾಗಿ ಮಾತ್ರ ಹೋಗಲಿಲ್ಲ. ಬೇಗ ಮನೆ ತಲುಪುವ ಆಸೆ ನನಗೇ ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳು ಸೀಟಿನ ತಗ್ಗನ್ನು ಅಂಗೈಯಿಂದ ಒತ್ತಿ ನೋಡಿ, "ಅವ್ವ ಈ ಕಡೆಗೇ ವಾಲ್ಕೊಂಡು ಕೂತ್ಕೊತಿದ್ಲು, ಅಲ್ವಾ?" ಎಂದಳು. ಹೂಂ ಎಂದೆ. ಅವಳೂ ಹಾಗೆಯೇ ವಾಲಿ ಕೂತು ನಿದ್ದೆ ಹೋದಳು.

ಹೆಣ್ಣು ಮಗುವಾಯಿತು. ಅಕ್ಕನ ಕೈ ಹುಸಿ ಹೋಗಲಿಲ್ಲ. ಮನೆಯಲ್ಲಿ ಹೊಗೆ, ಬೆಳ್ಳುಳ್ಳಿಯ ವಾಸನೆ, ಅಳು, ಗದರಿಕೆ, ಏನುಂಟು ಏನಿಲ್ಲ. ಆ ತಿಂಗಳುಗಳಲ್ಲಿ ಮಗ್ಗಗಳ ಸದ್ದು ನನಗೆ ಒಮ್ಮೆಯೂ ಕೇಳಿಸಲಿಲ್ಲ. ಗೂಡು ಯಾವಾಗ ತೆರೆಯಿತೋ ಯಾರೂ ನೋಡಲಿಲ್ಲ. ಒಂದು ದಿನ ಬ್ಯಾಟರಿ ಹಿಡಿದು ನೋಡಿದರೆ ಮಣ್ಣಿನಲ್ಲಿ ದುಂಡಗೆ ಒಂದು ತೂತು, ಒಳಗೆ ಖಾಲಿ. ಅಕ್ಕನಿಗೆ ಹೇಳಿದೆ. ಈ ಸಲ ತಕ್ಷಣವೇ ಹೇಳಿದೆ.

ಆದರೂ ಕೇಬಲ್ಲು ಕೂರಿಸಲು ಆತುರ ಮಾಡಲಿಲ್ಲ. ಐದನೇ ತಿಂಗಳಲ್ಲಿ ತಾಯಿಮಗುವನ್ನು ಕಳಿಸಿಕೊಡುವಾಗಲೂ ಚೊಂಬೇ ಮುಳ್ಳಾಯಿತು. ಬೀಗಿತ್ತಿಯ ಚೊಂಬನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಕ್ಕ ನೀರು ತುಂಬಿಸಿಟ್ಟಳು, ಮೇಲೊಂದು ಮಲ್ಲಿಗೆ ತೇಲಿಬಿಟ್ಟಳು. ಅರಿಶಿನಕುಂಟೆಯಲ್ಲಿ ಇಳಿಸಿ ಬಂದೆ. ಆ ವಾರವೇ ಅಕ್ಕನೂ ತನ್ನ ಗಂಟು ಕಟ್ಟಿಕೊಂಡು ಸಮೇತನಹಳ್ಳಿಗೆ ಹೊರಟಳು. "ಆಗಾಗ ಬಾರೋ. ಬಾಯಿ ಬಿಟ್ಟು ನಾಲ್ಕು ಮಾತಾಡೋ" ಎಂದು ಬಸ್ಸಿನ ಕಿಟಕಿಯಿಂದ ಹೇಳಿದಳು.

ಆಮೇಲೆ ಮೇಸ್ತ್ರಿ ಬಂದು ಮಣ್ಣು ಉದುರಿಸಿ ಕೇಬಲ್ಲು ತಿರುಪಿದ. ಮುಳ್ಳು ಎದ್ದಿತು. ಕಿಲೋಮೀಟರಿನ ಕಲ್ಲುಗಳ ಲೆಕ್ಕದಲ್ಲಿ ಓಡಿಸಿ ನೋಡಿದರೆ ಅದು ಸುಳ್ಳು ಹೇಳುತ್ತಿತ್ತು, ಕಾರು ಹೋಗುವುದಕ್ಕಿಂತ ಜೋರು ತೋರಿಸುತ್ತಿತ್ತು. ಬಾಕ್ಸಿನೊಳಗಿನ ಪುಟ್ಟ ಹಲ್ಲು ವ್ಯಾನಿನ ಲೆಕ್ಕದ್ದು.

"ಬಿಚ್ಚಿ ಹಲ್ಲು ಬದಲಾಯಿಸ್ಬೋದು ಯಜಮಾನ್ರೇ."

"ಇರ್ಲಿ ಬಿಡು" ಎಂದೆ.

ಮೊಮ್ಮಗಳನ್ನು ನೋಡಲು ಹೋದಾಗಲೆಲ್ಲ ಒಬ್ಬನೇ ಹೋಗುತ್ತಿದ್ದೆ, ಒಬ್ಬನೇ ಬರುತ್ತಿದ್ದೆ. ಮುಳ್ಳು ಒಂಬತ್ತು ಗಂಟೆಯ ಹತ್ತಿರ ಬರುತ್ತಿದ್ದಂತೆ, ಭುಜ ತಟ್ಟುವವರು ಯಾರೂ ಇಲ್ಲದಿದ್ದರೂ, ಕಾಲು ತಾನಾಗಿ ಮೇಲೇಳುತ್ತಿತ್ತು. ಒಂದು ಮಧ್ಯಾಹ್ನ ಮಧುರೆ ಏರಿಯ ಮೇಲೆ ಹಿಂದಿನಿಂದ ಸೈಕಲ್ಲಿನ ಬೆಲ್ಲು ಕೇಳಿತು. ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಒಬ್ಬ ಪಕ್ಕಕ್ಕೆ ಬಂದು, ಕಿಟಕಿಯೊಳಗೆ ಬಗ್ಗಿ ನೋಡಿದ.

"ಯಾಕ್ ಯಜಮಾನ್ರೇ, ಗಾಡಿ ಕೆಟ್ಟೋಗೈತಾ?"

"ಇಲ್ಲ ಕಣಪ್ಪಾ. ಸರಿಯಾಗೈತೆ."

ಅವನು ಪೆಡಲು ಒತ್ತಿ ನನ್ನನ್ನು ದಾಟಿ ಹೋದ. ಕ್ಯಾನುಗಳ ಸದ್ದು ಏರಿಯ ತುದಿಯವರೆಗೂ ಕೇಳುತ್ತಿತ್ತು.